ಎರಡು ದಿನದ ತಂತ್ರಜ್ಞಾನ ಸಮ್ಮೇಳನ: ಸ್ಪೀಕರ್‌ಗಳನ್ನು ಹುಡುಕುವುದು, ಆರಿಸುವುದು ಹೇಗೆ?

ಕುಕ್ಕರಹಳ್ಳಿ_ಏರಿ

ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಶನಿವಾರ, ಭಾನುವಾರ ಎರಡು ಹಾಲ್‌ಗಳಲ್ಲಿ ಸಮ್ಮೇಳನ. ತಂತ್ರಾಂಶ ಮತ್ತು ಕೃಷಿ ತಂತ್ರಜ್ಞಾನ ಎರಡೂ ಸೇರಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಸುಮಾರು ಐದು ತಿಂಗಳು ಕೈಯಲ್ಲಿದೆ. ಸಮಿತಿಯಲ್ಲಿ ಅರ್ಧ ಜನ "ಗೊತ್ತಿರುವ ಸಂಪನ್ಮೂಲ ವ್ಯಕ್ತಿಗಳಿಗೆ ಫೋನ್ ಮಾಡಿ ಕರೆಯೋಣ, ಕೆಲಸ ಮುಗೀತು" ಅಂತಾರೆ. ಇನ್ನರ್ಧ ಜನ ಬಹಿರಂಗ ಆಹ್ವಾನ ಕೊಟ್ಟು ಬಂದ ಪ್ರಸ್ತಾವಗಳಿಂದ ಆರಿಸಬೇಕು ಅಂತಾರೆ. ಈ ಕೆಲಸ ಬಲ್ಲವರು ಹೇಳಿ: ಎಷ್ಟು ಸ್ಲಾಟ್ ಇಟ್ಟುಕೊಳ್ಳಬೇಕು, ಎಷ್ಟು ಜನ ಓದಬೇಕು, ಹೆಸರು ಮುಚ್ಚಿ ಓದಬೇಕೋ ಬೇಡವೋ?

ಸರಸ್ವತಿಪುರಂ_ಏಳನೇ_ಮೇನ್

ಮೊದಲು ನಿಮಿಷ ಲೆಕ್ಕ ಹಾಕಿ, ಹೆಸರು ಆಮೇಲೆ. ಎಷ್ಟು ಜಾಗ ಇದೆ ಅಂತ ತಿಳಿಯದೆ ಆಹ್ವಾನ ಬಿಟ್ಟ ಸಮಿತಿಗಳು ಕೊನೆಗೆ ಒಪ್ಪಿಕೊಂಡವರಿಗೇ "ನಿಮ್ಮ ಮಾತು ಹದಿನೈದು ನಿಮಿಷಕ್ಕೆ ಇಳಿಸಿ" ಅಂತ ಹೇಳಬೇಕಾಗುತ್ತೆ. ಮೂವತ್ತು ನಿಮಿಷಕ್ಕೆ ಕಟ್ಟಿದ ಮಾತು ಹದಿನೈದಕ್ಕೆ ಇಳಿಯಲ್ಲ, ಮುರಿಯುತ್ತೆ.

ಬೆಳಿಗ್ಗೆ 9:30ರಿಂದ ಸಂಜೆ 5:30, ಅಂದರೆ 480 ನಿಮಿಷ. ಮೊದಲ ದಿನ ಉದ್ಘಾಟನೆಗೆ 45, ಊಟಕ್ಕೆ 60, ಎರಡು ಸಲ ಕಾಫಿಗೆ 40 ತೆಗೆದರೆ ಉಳಿಯೋದು 335. ಪ್ರಧಾನ ಉಪನ್ಯಾಸಕ್ಕೆ 50 ಕೊಟ್ಟರೆ 285. ಒಂದು ಸ್ಲಾಟ್ ಅಂದರೆ 30 ನಿಮಿಷ ಮಾತು, 5 ಪ್ರಶ್ನೆ, 5 ಲ್ಯಾಪ್‌ಟಾಪ್ ಬದಲಿಸೋಕೆ, ಒಟ್ಟು 40. ಹಾಗಾಗಿ ಏಳು ಸ್ಲಾಟ್. ಎರಡನೇ ದಿನ ಉದ್ಘಾಟನೆ ಇಲ್ಲ, ಆದರೆ ಸಮಾರೋಪಕ್ಕೆ 20, ಐದೈದು ನಿಮಿಷದ ಕಿರು ಮಾತುಗಳಿಗೆ 40 ಹೋಗುತ್ತೆ. ಊಟ, ಕಾಫಿ, ಪ್ರಧಾನ ಉಪನ್ಯಾಸ ಕಳೆದರೆ 270, ಅಂದರೆ ಆರು. ಒಂದು ಹಾಲ್‌ಗೆ ಹದಿಮೂರು, ಎರಡಕ್ಕೆ 26. ಪ್ರಧಾನ ಉಪನ್ಯಾಸ ಎರಡು ಹಾಲ್‌ಗೂ ಒಂದೇ, ಅದು ಈ ಲೆಕ್ಕದಲ್ಲಿಲ್ಲ.

ನಿಮ್ಮ ಸಮಿತಿಯ ಜಗಳಕ್ಕೂ ಇಲ್ಲೇ ಪರಿಹಾರ ಇದೆ. ನಾಲ್ಕು ಸ್ಲಾಟ್ ಮತ್ತು ಎರಡು ಪ್ರಧಾನ ಉಪನ್ಯಾಸ ಕರೆದವರಿಗೆ, 22 ಸ್ಲಾಟ್ ಬಹಿರಂಗ ಆಹ್ವಾನಕ್ಕೆ. ಈ ಹಂಚಿಕೆಯನ್ನು ಮೊದಲ ಸಭೆಯ ನಡಾವಳಿಯಲ್ಲೇ ಬರೆದಿಡಿ. ಬರೆಯದಿದ್ದರೆ ವಾರಕ್ಕೊಂದು "ನಮ್ಮವರು ಒಬ್ಬರಿದ್ದಾರೆ, ಚೆನ್ನಾಗಿ ಮಾತಾಡ್ತಾರೆ" ಬಂದು 22 ಹೋಗಿ 14 ಆಗಿರುತ್ತೆ.

ಕ್ಯಾಲೆಂಡರ್ ಹಿಂದಿನಿಂದ ಎಣಿಸಿ. ಹದಿನೆಂಟು ವಾರ ಮುಂಚೆ ಆಹ್ವಾನ ತೆರೆಯಿರಿ, ಹನ್ನೆರಡು ವಾರ ಮುಂಚೆ ಮುಚ್ಚಿ, ಓದೋಕೆ ಎರಡೂವರೆ ವಾರ, ಒಂಬತ್ತು ವಾರ ಮುಂಚೆ ಆಯ್ಕೆ ಸಭೆ ಮತ್ತು ಪತ್ರ, ಒಪ್ಪಿಗೆ ಕೊಡೋಕೆ ಏಳು ದಿನ, ಎಂಟು ವಾರ ಮುಂಚೆ ವೇಳಾಪಟ್ಟಿ ಪ್ರಕಟ. ದಿನಾಂಕ ನಿಗದಿ ಮಾಡುವಾಗ ದಸರಾದ ಹತ್ತು ದಿನ ಮತ್ತು ಅದರ ಹಿಂದುಮುಂದಿನ ವಾರಾಂತ್ಯ ಬಿಡಿ, ಹೊರಗಿನಿಂದ ಬರೋರಿಗೆ ರೂಮ್ ಹೊಂದಿಸೋದು ಕಷ್ಟ. ಕಾಲೇಜಿನ ಪರೀಕ್ಷಾ ವೇಳಾಪಟ್ಟಿಯನ್ನೂ ಕೇಳಿ, ಆ ಹಾಲ್‌ಗಳೇ ಪರೀಕ್ಷೆಗೆ ಹೋಗಿಬಿಡುತ್ತವೆ.

ವಿಸಿ_ನಾಲೆ_ಮಂಡ್ಯ

ಲೆಕ್ಕ ಸರಿಯಾಗಿದೆ ಸಾರ್. ಆದ್ರೆ ಎಲ್ರೂ ಆಯ್ಕೆ ಆಯ್ಕೆ ಅಂತಾರೆ, ಅರ್ಜಿ ಹಾಕದೋರ್ನ ಆರಿಸೋಕಾಗಲ್ಲ ಅನ್ನೋದು ಮರೆತುಬಿಡ್ತಾರೆ. ಸಮ್ಮೇಳನ ಒಳ್ಳೇದಾಗೋದು ಅರ್ಧಕ್ಕಿಂತ ಹೆಚ್ಚು ಹುಡುಕೋ ಕೆಲಸದಲ್ಲೇ.

ಪೋಸ್ಟರ್ ಹಾಕಿ ಕೂತ್ರೆ ಯಾವಾಗ್ಲೂ ಮಾತಾಡೋರೇ ಮತ್ತೆ ಅರ್ಜಿ ಹಾಕ್ತಾರೆ. ಅದಕ್ಕೇ ಸಮಿತಿಯ ಪ್ರತಿಯೊಬ್ಬರಿಗೂ ಹತ್ತು ಹೆಸರಿನ ಹೊಣೆ ಕೊಡಿ. ಆ ಹತ್ತರಲ್ಲಿ ಕನಿಷ್ಠ ಐದು ಜನ ಹಿಂದೆಂದೂ ವೇದಿಕೆ ಹತ್ತದೋರಾಗಿರಲಿ. ಪತ್ರ ಬರೆಯೋವಾಗ "ನಮ್ಮ ಸಮ್ಮೇಳನದಲ್ಲಿ ಮಾತಾಡ್ತೀರಾ" ಅಂತ ಬರೀಬೇಡಿ. "ನೀವು ಹನಿ ನೀರಾವರಿಯ ವಾಲ್ವನ್ನ ಮೊಬೈಲಿಂದ ನಡೆಸ್ತಿದ್ದೀರಲ್ಲ, ಸೆನ್ಸರ್ ಕೆಟ್ಟಾಗ ಏನ್ಮಾಡ್ತೀರಿ ಅನ್ನೋದ್ರ ಮೇಲೆ ಅರ್ಧ ಗಂಟೆ ಮಾತಿಗೆ ಪ್ರಸ್ತಾವ ಕಳಿಸಿ" ಅಂತ ಬರೀರಿ. ಮೊದಲನೇದಕ್ಕೆ "ನಂಗೇನ್ ಗೊತ್ತು ಬಿಡಿ" ಅಂತ ಉತ್ತರ ಬರುತ್ತೆ. ಎರಡನೇದಕ್ಕೆ ಆ ವಿಷಯದ ಬಗ್ಗೆ ಯೋಚನೆ ಶುರುವಾಗುತ್ತೆ. ಹೆಣ್ಣುಮಕ್ಕಳನ್ನ ಕರೆಯೋವಾಗಲೂ ಹೀಗೇ ವಿಷಯ ಹಿಡಿದು ಕೇಳ್ಬೇಕು. ಜೊತೆಗೆ ಎಷ್ಟೊತ್ತಿಗೆ ಮುಗಿಯುತ್ತೆ, ಪ್ರಯಾಣದ ಖರ್ಚು ಯಾರದ್ದು, ಮಗು ಕರ್ಕೊಂಡು ಬಂದ್ರೆ ಏನು ವ್ಯವಸ್ಥೆ, ಇವನ್ನ ಅವರು ಕೇಳೋ ಮುಂಚೆ ಆಹ್ವಾನದಲ್ಲೇ ಬರೆದಿರಬೇಕು.

ಒಂದು ಎಚ್ಚರಿಕೆ. "ಪ್ರಸ್ತಾವ ಕಳಿಸಿ" ಅನ್ನೋದು ಬೇರೆ, "ಬನ್ನಿ ಮಾತಾಡಿ" ಅನ್ನೋದು ಬೇರೆ. ಪತ್ರದಲ್ಲಿ ಇದು ಒಂದು ಸಾಲಲ್ಲಿ ಬಿಡಿಸಿ ಹೇಳಿಲ್ಲ ಅಂದ್ರೆ, ಪ್ರಸ್ತಾವ ಕಳಿಸಿದೋರು ಕರೆದಾಯ್ತು ಅಂದ್ಕೊಂಡಿರ್ತಾರೆ. ಆಮೇಲೆ ಆಯ್ಕೆ ಆಗಿಲ್ಲ ಅಂತ ಪತ್ರ ಹೋದ್ರೆ ಸಂಬಂಧವೇ ಕೆಡುತ್ತೆ.

ರೈತರ ವಿಷಯಕ್ಕೆ ಬಂದ್ರೆ, ಫಾರಂ ತುಂಬಿ 300 ಪದ ಬರೀರಿ ಅಂದ್ರೆ ಯಾರೂ ಬರೆಯಲ್ಲ. ಮೂರು ನಿಮಿಷದ ವಾಯ್ಸ್ ಮೆಸೇಜ್ ತಗೊಳ್ಳಿ, ಸ್ವಯಂಸೇವಕರೊಬ್ಬರು ಕೇಳಿ ಫಾರಂಗೆ ಇಳಿಸಲಿ, ಇಳಿಸಿದ್ದನ್ನ ಓದಿ ಹೇಳಿ ಒಪ್ಪಿಗೆ ಪಡೀಲಿ. ಮಂಡ್ಯ ಕಡೆ ಹುಡುಕ್ತಿದ್ರೆ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಯಾವ ಹಳ್ಳೀಲಿ ಯಾರು ಏನು ಪ್ರಯೋಗ ಮಾಡ್ತಿದ್ದಾರೆ ಅನ್ನೋದು ಅಲ್ಲಿ ಗೊತ್ತಿರುತ್ತೆ. ಒಬ್ಬರೇ ಅರ್ಧ ಗಂಟೆ ಮಾತಾಡೋಕೆ ಹಿಂಜರಿಯೋರಿಗೆ ಸಂವಾದದ ರೂಪ ಕೊಡಿ: ಪ್ರಶ್ನೆ ಕೇಳೋರು ಒಬ್ರು, ಪರದೆ ಮೇಲೆ ಗದ್ದೆಯ ಫೋಟೋ. ಸ್ಲೈಡ್ ಕಡ್ಡಾಯ ಅಂತ ನಿಯಮ ಇಟ್ರೆ ಇವರೆಲ್ಲ ಹೊರಗುಳೀತಾರೆ.

ಒಂಟಿಕೊಪ್ಪಲ್_ಓದುಗಿ

ಫಾರಂ ವಿಚಾರಕ್ಕೆ ಎರಡು ಮಾತು, ಏಕೆಂದರೆ ಕನ್ನಡ ಪ್ರಸ್ತಾವಗಳು ಸೊರಗುವುದು ಇಲ್ಲಿಯೇ. ಹಳೆಯ ನುಡಿ ಅಥವಾ ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ವೆಬ್ ಫಾರಂಗೆ ಅಂಟಿಸಿದರೆ ಅಕ್ಷರಗಳು ಚೆಲ್ಲಾಪಿಲ್ಲಿ. ಓದುವವರು "ಏನೋ ಕೆಟ್ಟಿದೆ" ಎಂದು ಮುಂದೆ ಹೋಗುತ್ತಾರೆ, ಕಳಿಸಿದವರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಬಂದ ದಿನವೇ ಒಬ್ಬರು ತೆರೆದು ನೋಡಿ, ಕೆಟ್ಟಿದ್ದರೆ ಪರಿವರ್ತಕದಲ್ಲಿ ಸರಿಪಡಿಸಬೇಕು. ಇನ್ನೊಂದು, ಉದ್ದದ ಮಿತಿಯನ್ನು ಅಕ್ಷರಗಳಲ್ಲಿ ಇಡಬೇಡಿ. ನಮಗೆ 'ಸ್ತ್ರೀ' ಒಂದಕ್ಷರ, ಕಂಪ್ಯೂಟರಿಗೆ ಆರು ಸಂಕೇತ. 500 ಅಕ್ಷರದ ಮಿತಿ ಇಟ್ಟರೆ ಕನ್ನಡದವರ ಮಾತು ಅರ್ಧಕ್ಕೇ ತುಂಡಾಗುತ್ತದೆ. ಪದಗಳಲ್ಲಿ ಮಿತಿ ಇಡಿ.

ಫಾರಂನಲ್ಲಿ ಕೇಳಬೇಕಾದದ್ದು: ಹತ್ತು ಪದದೊಳಗಿನ ಶೀರ್ಷಿಕೆ, ಪ್ರೇಕ್ಷಕರಿಗಾಗಿ 150 ಪದದ ಸಾರಾಂಶ, ಸಮಿತಿಗೆ ಮಾತ್ರ ಕಾಣುವ ನಿಮಿಷವಾರು ರೂಪುರೇಷೆ, ಯಾರಿಗಾಗಿ ಈ ಮಾತು, ಯಾವ ಭಾಷೆಯಲ್ಲಿ, ಹೇಳುವ ಮಾತಿಗೆ ಆಧಾರ ಏನು. ಜೊತೆಗೆ "ಈ ಕೆಲಸದಲ್ಲಿ ಏನು ಕೈಕೊಟ್ಟಿತು, ಏಕೆ?" ಎಂಬ ಪ್ರಶ್ನೆ ತಪ್ಪದೆ ಇರಲಿ. ಈಗ ಯಂತ್ರದಿಂದ ಬರೆಸಿದ ನುಣುಪಾದ ಸಾರಾಂಶಗಳು ರಾಶಿ ರಾಶಿ ಬರುತ್ತವೆ. ಭಾಷೆ ನೋಡಿ ಪತ್ತೆ ಹಚ್ಚಲು ಹೊರಟರೆ ಅಮಾಯಕರು ಸಿಕ್ಕಿಬೀಳುತ್ತಾರೆ. ನಿಮಿಷವಾರು ರೂಪುರೇಷೆ ಮತ್ತು ಕೈಕೊಟ್ಟ ವಿವರ ಎರಡನ್ನೂ ಕೇಳಿದರೆ, ಕೆಲಸ ಮಾಡಿದವರು ಯಾರು ಎಂಬುದು ತಾನಾಗಿ ಕಾಣುತ್ತದೆ.

ಆಧಾರ ಕೇಳುವುದು ಔಪಚಾರಿಕತೆಯಲ್ಲ. 2016ರ ಜನವರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೇ ಅಧಿವೇಶನ ನಮ್ಮ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲೇ ನಡೆಯಿತು. ಐದು ದಿನದ ಅಷ್ಟು ದೊಡ್ಡ ಕೂಟದಲ್ಲಿ ಒಳ್ಳೆಯ ವಿಜ್ಞಾನ ಬೇಕಾದಷ್ಟಿತ್ತು, ಆದರೆ ಶಂಖ ಊದುವುದರ ಆರೋಗ್ಯ ಲಾಭದ ಬಗೆಗಿನ ಮಂಡನೆಯೇ ಸುದ್ದಿಯಾಗಿ ಟೀಕೆಗೆ ಗುರಿಯಾಯಿತು. ವೇದಿಕೆಗೆ ಬಂದದ್ದೆಲ್ಲವನ್ನೂ ಜನ ಸಮಿತಿ ಒಪ್ಪಿದ್ದು ಎಂದೇ ಓದುತ್ತಾರೆ.

ಹೆಸರು ಮುಚ್ಚುವ ವಿಚಾರ. ಮೊದಲ ಸುತ್ತಿನಲ್ಲಿ ಮುಚ್ಚಿ, ಎರಡನೇ ಸುತ್ತಿನಲ್ಲಿ ತೆರೆಯಿರಿ. ವೆಬ್ ಹುಡುಕಾಟ ಮತ್ತು ದತ್ತಾಂಶ ಕುರಿತ ಸಂಶೋಧನಾ ಸಮ್ಮೇಳನವಾದ ಡಬ್ಲ್ಯೂಎಸ್‌ಡಿಎಂನಲ್ಲಿ 2017ರಲ್ಲಿ ಅರ್ಧ ವಿಮರ್ಶಕರಿಗೆ ಲೇಖಕರ ಹೆಸರು ತೋರಿಸಿ, ಅರ್ಧ ಜನರಿಗೆ ಮುಚ್ಚಿ ಪ್ರಯೋಗ ಮಾಡಿದರು. ಹೆಸರು ಕಂಡವರು ಪ್ರಸಿದ್ಧ ಲೇಖಕರು, ದೊಡ್ಡ ವಿಶ್ವವಿದ್ಯಾಲಯ, ದೊಡ್ಡ ಕಂಪನಿಗಳ ಪ್ರಬಂಧಗಳತ್ತ ಹೆಚ್ಚು ವಾಲಿದರು. ನಮ್ಮ ಕಡೆ "ಬೆಂಗಳೂರಿನ ದೊಡ್ಡ ಕಂಪನಿ" ಎಂಬ ಸಾಲು ಮಾಡುವ ಕೆಲಸವೂ ಅದೇ.

ಆದರೆ ಮುಚ್ಚುವುದನ್ನು ಸರಿಯಾಗಿ ಮುಚ್ಚಿ. ಗೂಗಲ್ ಶೀಟ್‌ನಲ್ಲಿ ಹೆಸರಿನ ಕಾಲಂ ಅಡಗಿಸಿದರೆ ಸಾಲದು, ಎಡಿಟ್ ಅನುಮತಿ ಇದ್ದವರು ಒಂದು ಕ್ಲಿಕ್ಕಿನಲ್ಲಿ ತೆರೆಯಬಹುದು. ಹೆಸರಿಲ್ಲದ ಪ್ರತಿಯನ್ನೇ ಬೇರೆ ಫೈಲಾಗಿ ಮಾಡಿ, ಪ್ರತಿ ಪ್ರಸ್ತಾವಕ್ಕೆ ಒಂದು ಸಂಖ್ಯೆ ಕೊಡಿ. ಇಲ್ಲವೇ ಸಮ್ಮೇಳನದ ಪ್ರಸ್ತಾವಗಳನ್ನು ನಿರ್ವಹಿಸುವ ಪ್ರೀಟಾಕ್ಸ್‌ನಂತಹ (pretalx) ಮುಕ್ತ ತಂತ್ರಾಂಶ ಬಳಸಿ, ಅದರಲ್ಲಿ ಹೆಸರು ಮರೆಮಾಡುವ ಸೌಲಭ್ಯವಿದೆ. ಪ್ರಸ್ತಾವದ ಒಳಗೇ "ನಮ್ಮ ಸಂಸ್ಥೆಯಲ್ಲಿ ನಾನು ಕಟ್ಟಿದ…" ಎಂದು ಹೆಸರು ಹೇಳಿಕೊಂಡಿರುತ್ತಾರೆ, ತಮ್ಮ ಕೋಡ್ ಇಟ್ಟಿರುವ ಗಿಟ್‌ಹಬ್ ತಾಣದ ಕೊಂಡಿ ಹಾಕಿರುತ್ತಾರೆ. ಸಮಿತಿಯಲ್ಲಿ ಅಂಕ ಕೊಡದ ಒಬ್ಬರನ್ನು ಇದನ್ನೆಲ್ಲ ಮುಚ್ಚುವ ಕೆಲಸಕ್ಕೇ ಇಡಿ. ಹೆಸರು ಹೇಳುವ ಕೊಂಡಿಗಳನ್ನು ಎರಡನೇ ಸುತ್ತಿಗೆ ಉಳಿಸಿಕೊಂಡು, ಆಧಾರ ಗಟ್ಟಿಯಿದೆಯೇ ಎಂಬುದನ್ನು ಅವರೇ ಒಂದು ಸಾಲಿನಲ್ಲಿ ಬರೆದಿಡಲಿ.

ಸರಸ್ವತಿಪುರಂ_ಏಳನೇ_ಮೇನ್

ಮೇಡಂ, ಒಂದು ಭಿನ್ನಾಭಿಪ್ರಾಯ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸಮ್ಮೇಳನವಾದ ಪೈಕಾನ್ ಇಂಡಿಯಾ ಪ್ರಸ್ತಾವಗಳನ್ನ ಎಲ್ಲರಿಗೂ ಕಾಣುವ ಹಾಗೆ ಇಟ್ಟು, ಜನ ಕೆಳಗೆ ಕಾಮೆಂಟ್ ಹಾಕುವ ಪದ್ಧತಿಯನ್ನ ವರ್ಷಗಟ್ಟಲೆ ನಡೆಸಿತ್ತು. ಅದರಲ್ಲೂ ಲಾಭ ಇದೆ. ಬೇರೆಯವರ ಪ್ರಸ್ತಾವ ನೋಡಿ ಹೊಸಬರು ಬರೆಯೋದು ಕಲೀತಾರೆ, ಕದ್ದ ವಿಷಯ ಬೇಗ ಸಿಕ್ಕಿಬೀಳುತ್ತೆ, ಕಾಮೆಂಟ್ ಓದಿ ತಿದ್ದಿಕೊಳ್ಳೋಕೂ ಅವಕಾಶ.

ಒಂಟಿಕೊಪ್ಪಲ್_ಓದುಗಿ

ಒಪ್ಪುತ್ತೇನೆ ಸರ್, ಅಲ್ಲಿ ಸಮುದಾಯ ದೊಡ್ಡದು, ವರ್ಷ ವರ್ಷ ಬೆಳೆದ ಪದ್ಧತಿ. ಮೊದಲ ವರ್ಷದ ಮೈಸೂರಿನ ಸಮ್ಮೇಳನದಲ್ಲಿ ಕಾಲೇಜು ಹುಡುಗಿಯೊಬ್ಬಳ ಪ್ರಸ್ತಾವದ ಕೆಳಗೆ ಅವಳ ವಿಭಾಗದ ಮುಖ್ಯಸ್ಥರೇ ಕಾಮೆಂಟ್ ಬರೆದರೆ ಉಳಿದವರು ಬಾಯಿ ತೆರೆಯುವುದಿಲ್ಲ. ಮತ ಹಾಕುವ ಸೌಲಭ್ಯವನ್ನಂತೂ ಖಂಡಿತ ಬೇಡ ಎನ್ನುತ್ತೇನೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕೊಂಡಿ ಹಂಚಿದವರು ಗೆಲ್ಲುತ್ತಾರೆ. ಕಲಿಕೆ ಬೇಕಿದ್ದರೆ ಮಾದರಿ ಪ್ರಸ್ತಾವ ಮೂರನ್ನು ಟಿಪ್ಪಣಿ ಸಮೇತ ಆಹ್ವಾನದ ಜೊತೆಗೇ ಹಾಕಿ, ಆಹ್ವಾನ ತೆರೆದಿರುವ ಆರು ವಾರದಲ್ಲಿ ಎರಡು ಸಂಜೆ ಆನ್‌ಲೈನ್‌ನಲ್ಲಿ ಕೂತು ಕರಡು ನೋಡಿಕೊಡಿ. ನೋಡಿಕೊಟ್ಟವರು ಆ ಪ್ರಸ್ತಾವಕ್ಕೆ ಅಂಕ ಕೊಡಬಾರದು, ಅಷ್ಟೆ.

ಕುಕ್ಕರಹಳ್ಳಿ_ಏರಿ

ತುಂಬ ಉಪಯೋಗವಾಗ್ತಿದೆ. ಅಂಕ ಕೊಡುವ ಕ್ರಮ ಹೇಗೆ? ಸರಾಸರಿ ತೆಗೆದು ಮೇಲಿನ 22 ತಗೊಂಡರೆ ಸಾಕಲ್ಲವೇ? ಇನ್ನೊಂದು, ಪ್ರಾಯೋಜಕರೊಬ್ಬರು ಹಣದ ಜೊತೆ ಒಂದು ಸ್ಲಾಟ್ ಕೇಳ್ತಿದ್ದಾರೆ.

ಸರಾಸರಿ_ಸಾಲದು

ಮೇಲಿನ 22 ತಗೊಂಡರೆ ಸಾಲಲ್ಲ. ಎಂಟು ಬಗೆ ಸಿಹಿ ಬಡಿಸಿದರೆ ಊಟ ಆಗಲ್ಲ. ಯಾವ ವಿಷಯ ಆ ವರ್ಷ ಚಾಲ್ತಿಯಲ್ಲಿದೆಯೋ ಅದರ ಪ್ರಸ್ತಾವಗಳೇ ಮೇಲೆ ಬಂದು ಕೂತಿರುತ್ತವೆ, ಒಂದೇ ಮಾತು ಐದು ಬಾಯಲ್ಲಿ ಕೇಳಬೇಕಾಗುತ್ತೆ.

ಮೊದಲು ಹೊರೆ ಲೆಕ್ಕ. 120 ಪ್ರಸ್ತಾವ ಬಂದವು ಅಂತಿಟ್ಟುಕೊಳ್ಳಿ, ಪ್ರತಿಯೊಂದನ್ನು ಮೂರು ಜನ ಓದಬೇಕು ಅಂದರೆ 360 ಓದು. ಹನ್ನೆರಡು ಜನ ಇದ್ದರೆ ಒಬ್ಬರಿಗೆ 30. ಒಂದಕ್ಕೆ ಹತ್ತು ಹನ್ನೆರಡು ನಿಮಿಷ, ಅಂದರೆ ಐದಾರು ಗಂಟೆ. ಇದು ಜನ ಮಾಡಬಲ್ಲ ಕೆಲಸ. ಆರು ಜನ ಇದ್ದರೆ ಒಬ್ಬರಿಗೆ 60 ಆಗುತ್ತೆ, ಕೊನೆಯ ಇಪ್ಪತ್ತನ್ನು ಶೀರ್ಷಿಕೆ ನೋಡಿ ಅಂಕ ಹಾಕ್ತಾರೆ. ಎಲ್ಲರಿಗೂ ಒಂದೇ ಕ್ರಮದಲ್ಲಿ ಪಟ್ಟಿ ಕೊಡಬೇಡಿ, ಪ್ರತಿಯೊಬ್ಬರಿಗೂ ಕಲಸಿ ಕೊಡಿ. ಇಲ್ಲದಿದ್ದರೆ ಪಟ್ಟಿಯ ಕೊನೆಯವರಿಗೆ ಎಲ್ಲರ ಸುಸ್ತೂ ಬೀಳುತ್ತೆ.

ಅಂಕ 1ರಿಂದ 4ರವರೆಗೆ ಮಾತ್ರ. 5ರವರೆಗೆ ಇಟ್ಟರೆ ಅರ್ಧ ಜನ 3 ಹಾಕಿ ತಪ್ಪಿಸಿಕೊಳ್ತಾರೆ. ನಾಲ್ಕು ಅಂದರೆ "ಇದಕ್ಕಾಗಿ ವಾದ ಮಾಡ್ತೀನಿ", ಒಂದು ಅಂದರೆ "ಬಂದರೆ ವಿರೋಧಿಸ್ತೀನಿ" ಅಂತ ಅರ್ಥ ಬರೆದುಕೊಡಿ. ಪ್ರತಿ ಅಂಕದ ಜೊತೆ ಎರಡು ಸಾಲು ಕಾರಣ ಕಡ್ಡಾಯ. ಶುರುವಿಗೆ ಐದು ಪ್ರಸ್ತಾವ ಎಲ್ಲರೂ ಓದಿ, ಒಟ್ಟಿಗೆ ಕೂತು ಅಂಕ ಹೋಲಿಸಿ. ಯಾರು ಕೈ ಬಿಗಿ, ಯಾರು ಧಾರಾಳಿ ಅನ್ನೋದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ. ಆಮೇಲೂ ವ್ಯತ್ಯಾಸ ಇದ್ದರೆ ಪ್ರತಿಯೊಬ್ಬರ ಅಂಕದಿಂದ ಅವರದೇ ಸರಾಸರಿ ಕಳೆದು ಹೋಲಿಸಿ. ಒಬ್ಬರಿಗೆ 30 ಇರುವಾಗ ಅದಕ್ಕಿಂತ ದೊಡ್ಡ ಗಣಿತ ಬೇಡ.

4, 4, 1 ಬಂದ ಪ್ರಸ್ತಾವಕ್ಕೂ 3, 3, 3 ಬಂದಿದ್ದಕ್ಕೂ ಸರಾಸರಿ ಒಂದೇ. ಆದರೆ ಮೊದಲನೇದರಲ್ಲಿ ಏನೋ ಇದೆ, ಅದರ ಬಗ್ಗೆ ಮಾತಾಡಬೇಕು. ಆ 1 ಹಾಕಿದವರಿಗೆ ಉಳಿದಿಬ್ಬರಿಗೆ ಗೊತ್ತಿಲ್ಲದ ತಪ್ಪು ಕಂಡಿರಬಹುದು, ಅಥವಾ ವಿಷಯ ಅವರಿಗೆ ಹೊಸದಾಗಿರಬಹುದು. ಹಾಳೆಯಲ್ಲಿ ಸರಾಸರಿಯ ಪಕ್ಕ ಗರಿಷ್ಠ ಕನಿಷ್ಠಗಳ ಅಂತರದ ಕಾಲಂ ಇಟ್ಟು, ಅಂತರ 2 ಅಥವಾ ಹೆಚ್ಚಿದ್ದರೆ ಸಭೆಗೆ ತನ್ನಿ.

ಈಗ ಮುಖ್ಯ ವಿಷಯ. 2014ರಲ್ಲಿ ಯಂತ್ರಕಲಿಕೆಯ ದೊಡ್ಡ ಸಂಶೋಧನಾ ಸಮ್ಮೇಳನ ನಿಪ್ಸ್, ಈಗಿನ ನ್ಯೂರಿಪ್ಸ್, 166 ಪ್ರಬಂಧಗಳನ್ನು ಎರಡು ಪ್ರತ್ಯೇಕ ಸಮಿತಿಗಳಿಗೆ ಕೊಟ್ಟು ನೋಡಿತು. 43ರಲ್ಲಿ ತೀರ್ಪು ಬೇರೆ ಬೇರೆ ಬಂತು. ಒಂದು ಸಮಿತಿ ಒಪ್ಪಿದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ತಿರಸ್ಕರಿಸಿತ್ತು. ಜಗತ್ತಿನ ಪಳಗಿದ ವಿಮರ್ಶಕರ ಕಥೆಯೇ ಹೀಗಿದ್ದರೆ, 2.33 ದೊಡ್ಡದೋ 2.67 ದೊಡ್ಡದೋ ಅಂತ ನಾವು ರಾತ್ರಿಯೆಲ್ಲ ಕೂರೋದರಲ್ಲಿ ಅರ್ಥ ಇಲ್ಲ. ಅಂಕವನ್ನ ಮೂರು ಗುಂಪು ಮಾಡೋಕೆ ಮಾತ್ರ ಬಳಸಿ. ಮೇಲಿನ ಹನ್ನೆರಡು ನೇರ ಒಳಗೆ. ಕೆಳಗಿನ ಅರ್ಧ ಹೊರಗೆ, ಆದರೆ ಪ್ರತಿ ಸದಸ್ಯರಿಗೂ ಅಲ್ಲಿಂದ ಒಂದನ್ನು ಎತ್ತಿ ಚರ್ಚೆಗೆ ತರುವ ಹಕ್ಕಿರಲಿ. ಮಧ್ಯದವುಗಳಿಂದ ಉಳಿದ ಹತ್ತನ್ನು ಆರಿಸುವಾಗ ಅಂಕ ಮರೆತುಬಿಡಿ, ಕಾರ್ಯಕ್ರಮಕ್ಕೆ ಏನು ಕೊರತೆ ಇದೆ ಅಂತ ನೋಡಿ.

ಹೆಸರು ತೆರೆಯೋದು ಈಗ. 22ರಲ್ಲಿ ಕನ್ನಡದ ಮಾತು ಎಂಟಕ್ಕೆ ಕಡಿಮೆ ಇಲ್ಲದ ಹಾಗೆ, ಮೊದಲ ಸಲದವರು ಐದಕ್ಕೆ ಕಡಿಮೆ ಇಲ್ಲದ ಹಾಗೆ, ಒಂದು ಸಂಸ್ಥೆಯಿಂದ ಎರಡಕ್ಕೆ ಹೆಚ್ಚಿಲ್ಲದ ಹಾಗೆ, ಒಬ್ಬರಿಗೆ ಒಂದೇ. ಈ ಸಂಖ್ಯೆಗಳನ್ನ ಪ್ರಸ್ತಾವ ಬರೋ ಮುಂಚೆ ಬರೆದಿಡಬೇಕು, ಹೆಸರು ನೋಡಿದ ಮೇಲೆ ಬರೆದ ನಿಯಮಕ್ಕೆ ಬೆಲೆ ಇಲ್ಲ. ತಮ್ಮ ಕಾಲೇಜು, ಕಂಪನಿ, ನೆಂಟರು, ಶಿಷ್ಯರ ಪ್ರಸ್ತಾವ ಬಂದಾಗ ಆ ಸದಸ್ಯರು ಸುಮ್ಮನೆ ಕೂತರೆ ಸಾಲದು, ಎದ್ದು ಹೊರಗೆ ಹೋಗಬೇಕು. ಎದುರಿಗೆ ಕೂತಿದ್ದರೆ ಯಾರೂ ಬೇಡ ಅನ್ನಲ್ಲ, ನಮ್ಮ ಜನರ ದಾಕ್ಷಿಣ್ಯ ಅಂಥದ್ದು. ಸಮಿತಿ ಸದಸ್ಯರು ತಾವೇ ಪ್ರಸ್ತಾವ ಹಾಕಬಾರದು ಅನ್ನೋದೇ ಸರಿ.

ಪ್ರಾಯೋಜಕರಿಗೆ: ದಿನಕ್ಕೆ ಒಂದು ಹದಿನೈದು ನಿಮಿಷದ ಅವಧಿ, ಊಟದ ಬಿಡುವು ಮುಗಿಯುವ ಹೊತ್ತಿಗೆ, ವೇಳಾಪಟ್ಟಿಯಲ್ಲಿ "ಪ್ರಾಯೋಜಿತ" ಅಂತ ಅಚ್ಚಾಗಿ. ಆ 22ರೊಳಗೆ ಅಲ್ಲ, ಪ್ರಧಾನ ಉಪನ್ಯಾಸವಂತೂ ಅಲ್ಲವೇ ಅಲ್ಲ.

ವಿಸಿ_ನಾಲೆ_ಮಂಡ್ಯ

ಕೊನೇ ದಿನಾಂಕದ ಬಗ್ಗೆ ಯಾರೂ ಹೇಳಿಲ್ಲ. ಪ್ರಸ್ತಾವಗಳ ದೊಡ್ಡ ಪಾಲು ಕೊನೇ ಎರಡು ದಿನದಲ್ಲೇ ಬರೋದು. ಆಹ್ವಾನ ತೆರೆದ ನಾಲ್ಕನೇ ವಾರದಲ್ಲಿ ಹದಿನೈದೇ ಬಂದಿದೆ ಅಂತ ಗಾಬರಿಬಿದ್ದು ದಿನಾಂಕ ಮುಂದೂಡಿದ್ರೆ, ಹೊತ್ತಿಗೆ ಸರಿಯಾಗಿ ಕಳಿಸಿದೋರಿಗೆ ಅನ್ಯಾಯ, ಓದೋರಿಗೆ ಸಮಯ ಕಮ್ಮಿ.

ವೇಳಾಪಟ್ಟಿ ಜೋಡಿಸೋವಾಗ: ಬೆಂಗಳೂರಿಂದ ಅದೇ ದಿನ ಬೆಳಿಗ್ಗೆ ಹೊರಡೋರ್ನ ಮೊದಲ ಸ್ಲಾಟಿಗೆ ಹಾಕ್ಬೇಡಿ. ಹೆದ್ದಾರಿ ಬೇಗ ತಲುಪಿಸಿದ್ರೂ ಊರೊಳಗೆ ಬರೋಕೆ ಹೊತ್ತಾಗುತ್ತೆ. ಹನ್ನೊಂದೂವರೆ ಮೇಲೆ ಹಾಕಿ, ಇಲ್ಲಾಂದ್ರೆ ಹಿಂದಿನ ರಾತ್ರಿ ರೂಮ್ ಕೊಡಿ. ಊಟ ಆದ ಮೇಲಿನ ಸ್ಲಾಟಿಗೆ ಮೊದಲ ಸಲದೋರ್ನ ನಿಲ್ಲಿಸ್ಬೇಡಿ, ತೂಕಡಿಸೋ ಮುಖ ನೋಡಿ ಧೈರ್ಯ ಕುಗ್ಗುತ್ತೆ.

ಉದ್ಘಾಟನೆ 45 ನಿಮಿಷ ಅಂತ ಬರೆದಿದ್ದೀರಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಗಣ್ಯರ ಮಾತು, ಪೇಟ ಹಾರ ನೆನಪಿನ ಕಾಣಿಕೆ, ವಂದನಾರ್ಪಣೆ. ವೇದಿಕೆ ಮೇಲೆ ಏಳು ಜನ ಕೂತ್ರೆ ಇದು ಒಂದೂವರೆ ಗಂಟೆ. ವೇದಿಕೆಗೆ ನಾಲ್ಕೇ ಜನ, ಮಾತು ಇಬ್ಬರದ್ದು, ಸನ್ಮಾನ ಎಲ್ಲ ಸಮಾರೋಪಕ್ಕೆ. ಇದನ್ನ ಆಮಂತ್ರಣ ಪತ್ರಿಕೆ ಅಚ್ಚಾಗೋ ಮುಂಚೆ ಪ್ರಾಂಶುಪಾಲರ ಹತ್ರ ಕೂತು ಒಪ್ಪಿಸ್ಬೇಕು. ಪತ್ರಿಕೇಲಿ ಹೆಸರು ಬಂದ್ಮೇಲೆ ಯಾರಿಗೂ ಮಾತು ಬೇಡ ಅನ್ನೋಕಾಗಲ್ಲ. ಹೊತ್ತು ಮೀರಿದ್ರೆ ಕತ್ತರಿ ಬೀಳೋದು ಮೊದಲನೇ ಸ್ಪೀಕರ್‌ಗೆ, ಅವರು ತಿಂಗಳುಗಟ್ಟಲೆ ತಯಾರಿ ಮಾಡ್ಕೊಂಡು ಬಂದಿರ್ತಾರೆ.

ಒಂಟಿಕೊಪ್ಪಲ್_ಓದುಗಿ

ಪತ್ರಗಳ ಬಗ್ಗೆ ಹೇಳಿ ನಿಲ್ಲಿಸುತ್ತೇನೆ. ಮೂರು ಬಗೆಯ ಪತ್ರ ಒಂದೇ ದಿನ ಹೋಗಬೇಕು: ಆಯ್ಕೆಯಾದವರಿಗೆ, ಕಾಯುವ ಪಟ್ಟಿಯವರಿಗೆ, ಆಯ್ಕೆಯಾಗದವರಿಗೆ. ಆಯ್ಕೆಯಾದವರ ಪೋಸ್ಟ್ ಫೇಸ್‌ಬುಕ್ಕಿನಲ್ಲಿ ನೋಡಿ ತಮ್ಮದು ಇಲ್ಲ ಎಂದು ತಿಳಿಯುವ ಸ್ಥಿತಿ ಯಾರಿಗೂ ಬರಬಾರದು. ಆಯ್ಕೆಯಾಗದವರಿಗೆ ವಿಮರ್ಶಕರ ಎರಡು ಸಾಲುಗಳಲ್ಲಿ ಉಪಯೋಗಕ್ಕೆ ಬರುವುದನ್ನು ತಿದ್ದಿ ಕಳಿಸಿ. "ವಿಷಯ ಒಳ್ಳೆಯದು, ಮೂವತ್ತು ನಿಮಿಷಕ್ಕೆ ದೊಡ್ಡದಾಯಿತು, ದತ್ತಾಂಶ ಸಂಗ್ರಹದ ಭಾಗವೊಂದನ್ನೇ ತೆಗೆದುಕೊಂಡರೆ ಗಟ್ಟಿಯಾಗುತ್ತದೆ" ಎಂಬಷ್ಟು ಸಾಕು. ಕಾರಣವಿಲ್ಲದ ಪತ್ರ ಪಡೆದವರು ಮುಂದಿನ ವರ್ಷ ಕಳಿಸುವುದು ಕಡಿಮೆ.

ಕಾಯುವ ಪಟ್ಟಿಗೆ ನಾಲ್ಕು ಜನ ಇರಲಿ, ಎರಡು ಕನ್ನಡ, ಎರಡು ಇಂಗ್ಲಿಷ್. ಯಾವ ದಿನಾಂಕದವರೆಗೆ ಕಾಯಬೇಕು ಎಂದು ಪತ್ರದಲ್ಲಿ ಬರೆಯಿರಿ. ಇವರಿಗೆ ಎರಡು ದಿನದ ಪ್ರವೇಶ ಉಚಿತವಾಗಿ ಕೊಟ್ಟು, ಇಬ್ಬರಿಗಾದರೂ ಸ್ಲೈಡ್ ಸಮೇತ ಸಿದ್ಧವಾಗಿ ಬರಲು ಕೇಳಿಕೊಳ್ಳಿ. ಆ ಬೆಳಿಗ್ಗೆ ಯಾರಿಗೋ ಜ್ವರ ಬಂದರೆ ಹಾಲ್ ಖಾಲಿ ಬೀಳುವುದಿಲ್ಲ. ಅವಕಾಶ ಬರದಿದ್ದರೆ ಎರಡನೇ ದಿನದ ಕಿರು ಮಾತುಗಳಲ್ಲಿ ಮೊದಲ ಐದೈದು ನಿಮಿಷ ಅವರಿಗೆ ಕೊಡಿ.